ಗುರುತುಗಳ ಅರ್ಥ: ಗಂಗಮ್ಮನ ಕೊಳದಿಂದ ಐದು ಮೂಲೆಯ ನಕ್ಷತ್ರದವರೆಗೆ

ಹೊಸದುರ್ಗ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹಾಲುರಾಮೇಶ್ವರದ ಗಂಗಾಕೊಳವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಭಕ್ತರು ಮನಸ್ಸಿನಲ್ಲಿ ಒಂದು ಕೋರಿಕೆಯನ್ನಿಟ್ಟುಕೊಂಡು ಕೊಳದ ಎದುರು ಕೂರುತ್ತಾರೆ. ಗಂಗಮ್ಮನ ಪ್ರಾರ್ಥನೆ ನಡೆಯುತ್ತದೆ. ನೀರಿನ ಮೇಲೆ ತೇಲಿಬರುವ ಬಾಳೆಹಣ್ಣು, ಅಡಿಕೆ, ತೆಂಗಿನಕಾಯಿ ಮುಂತಾದುವನ್ನು ತಾಯಿಯ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಾರೆ. ಬಂದ ವಸ್ತುವನ್ನು ನೋಡಿ ಕೋರಿಕೆ ಈಡೇರುವುದೋ ಇಲ್ಲವೋ ಎಂದು ತಿಳಿಯುವುದು ಅಲ್ಲಿನ ವಾಡಿಕೆ. ಸಂತೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಳ್ಳುವ ಬಾಳೆಹಣ್ಣೇ ಅದು. ಆದರೆ ಮದುವೆಯಾಗಿ ಹತ್ತು ವರ್ಷ ಮಕ್ಕಳಿಲ್ಲದೆ ನೊಂದು ಬಂದ ಹೆಣ್ಣುಮಗಳು ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಹೋಗುವ ರೀತಿಯನ್ನು ನೋಡಿದವರು, ಆ ಹಣ್ಣಿಗೂ ಸಂತೆಯ ಹಣ್ಣಿಗೂ ವ್ಯತ್ಯಾಸವಿಲ್ಲ ಎಂದು ಹೇಳಲಾರರು.

ಸಂಕೇತ ಎಂಬ ಪದವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಅನೇಕ ಬಾರಿ ಈ ಕೊಳದ ಉದಾಹರಣೆಯನ್ನೇ ಕೊಡುತ್ತಿದ್ದೆ. ಸಂಕೇತದ ಅರ್ಥವು ವಸ್ತುವಿನ ಒಳಗೆ ಬೀಜದಂತೆ ಕುಳಿತಿರುವುದಿಲ್ಲ, ಅದನ್ನು ಹಿಡಿದವರ ಬಾಳಿನಲ್ಲಿ ಇರುತ್ತದೆ ಎಂದು ಹೇಳುತ್ತಿದ್ದೆ. ಆ ಪಾಠವನ್ನು ಮತ್ತೆ ನೆನಪಿಸಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ಆಕೆ ಈಗ ಅಮೆರಿಕದಲ್ಲಿ ನೆಲೆಸಿದ್ದಾಳೆ. ನೆರೆಮನೆಯ ಹೆಂಗಸು ಕೊರಳಲ್ಲಿ ವೃತ್ತದೊಳಗೆ ಐದು ಮೂಲೆಯ ನಕ್ಷತ್ರವಿರುವ ಬೆಳ್ಳಿಯ ಪದಕವನ್ನು ಧರಿಸುತ್ತಾಳಂತೆ. ತಮ್ಮದು ‘ವಿಕ್ಕಾ’ ಎಂಬ ಧರ್ಮವೆಂದು ಹೇಳಿಕೊಂಡಳಂತೆ. ಇಬ್ಬರ ಮಕ್ಕಳೂ ಒಂದೇ ತರಗತಿಯಲ್ಲಿ ಓದುತ್ತಾರೆ, ಜೊತೆಯಲ್ಲಿ ಆಡುತ್ತಾರೆ. “ನಮ್ಮ ಬಳಗದವರು ಅದು ಮಾಟದವರ ಗುರುತು, ಮಗುವನ್ನು ಆ ಮನೆಗೆ ಕಳಿಸಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ ಸಾರ್?” ಎಂದು ಕೇಳಿದ್ದಾಳೆ. ಆಕೆಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಪರದೇಶದಲ್ಲಿರುವ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇದೇ ಪ್ರಶ್ನೆ ಎದುರಾಗಿರಬಹುದು.

ಮೊದಲು ಹೆಸರುಗಳನ್ನು ನೋಡೋಣ. ವಿಕ್ಕಾ ಮತ್ತು ಅದಕ್ಕೆ ಹತ್ತಿರವಾದ ಪಂಥಗಳನ್ನು ಒಟ್ಟಾಗಿ ‘ಪೇಗನ್’ ಧರ್ಮಗಳೆಂದು ಕರೆಯುತ್ತಾರೆ. ಇದರ ಮೂಲ ಲ್ಯಾಟಿನ್ ಭಾಷೆಯ ‘ಪಗಾನುಸ್’. ಹಾಗೆಂದರೆ ಹಳ್ಳಿಗ, ನಾಡಿಗ ಎಂದರ್ಥ. ಕ್ರೈಸ್ತ ಧರ್ಮವು ರೋಮನ್ ಸಾಮ್ರಾಜ್ಯದಲ್ಲಿ ಹರಡಿದ ಮೇಲೆ ಹಳೆಯ ದೇವತೆಗಳನ್ನು ಬಿಡದವರಿಗೆ ಈ ಹೆಸರು ಅಂಟಿತು. ಬೇವಿನ ಮರದ ಬುಡದಲ್ಲಿ ಮಾರಮ್ಮನನ್ನೂ ಹುತ್ತದಲ್ಲಿ ನಾಗಪ್ಪನನ್ನೂ ಕಾಣುವ ನಮ್ಮನ್ನು ಅಂದಿನ ಪಾದ್ರಿಗಳು ನೋಡಿದ್ದರೆ ಅದೇ ಹೆಸರಿನಿಂದ ಕರೆಯುತ್ತಿದ್ದರು ಎಂದರೆ ತಪ್ಪಾಗಲಾರದು.

ವಿಕ್ಕಾ ಮಾತ್ರ ಹೆಸರಿಗೆ ಹಳೆಯದು, ಹುಟ್ಟಿನಲ್ಲಿ ಹೊಸದು. ಅದನ್ನು ಲೋಕಕ್ಕೆ ಪರಿಚಯಿಸಿದವರು ಜೆರಾಲ್ಡ್ ಗಾರ್ಡ್ನರ್ (1884–1964) ಎಂಬ ಇಂಗ್ಲಿಷರು. ಅವರು ಯೌವನದಲ್ಲಿ ನಮ್ಮ ಪಕ್ಕದ ಸಿಲೋನಿನ ಚಹಾ ತೋಟಗಳಲ್ಲಿ ದುಡಿದು, ಮುಂದೆ ಮಲಯದಲ್ಲಿ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದರು. ಮಲಯರ ‘ಕ್ರಿಸ್’ ಎಂಬ ಕಠಾರಿಯ ಬಗ್ಗೆ 1936ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಂಗ್ಲೆಂಡಿನಲ್ಲಿ ಮಾಟಕ್ಕೆ ಸಂಬಂಧಿಸಿದ 1735ರ ಕಾಯಿದೆ ರದ್ದಾದದ್ದು 1951ರಲ್ಲಿ. ಅದಾದ ಮೂರು ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕ್ರೈಸ್ತಪೂರ್ವ ಕಾಲದ ಧರ್ಮವೊಂದು ಗುಟ್ಟಾಗಿ ಉಳಿದುಬಂದಿದೆ ಎಂಬುದು ಅವರ ವಾದ. ಮಾರ್ಗರೆಟ್ ಮರ್ರೆ ಎಂಬ ವಿದುಷಿ 1921ರಲ್ಲಿಯೇ ಇಂಥದೊಂದು ವಾದವನ್ನು ಮುಂದಿಟ್ಟಿದ್ದರು. ಇಂದಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ವಿಕ್ಕಾ ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಧರ್ಮವೆಂದು ರೊನಾಲ್ಡ್ ಹಟನ್ ಅವರು 1999ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಹೊಸದಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಪ್ರತಿ ಧರ್ಮವೂ ಒಂದು ಕಾಲದಲ್ಲಿ ಹೊಸದೇ ಆಗಿತ್ತಲ್ಲವೇ?

ಇನ್ನು ಆ ನಕ್ಷತ್ರ. ಕೈ ಎತ್ತದೆ ಐದು ಗೆರೆಗಳಲ್ಲಿ ಎಳೆಯಬಹುದಾದ ಚಿತ್ರ ಅದು. ನಿಮ್ಮಲ್ಲಿ ಅನೇಕರು ನನ್ನ ಕಪ್ಪುಹಲಗೆಯ ಮೇಲೆ ಎಳೆದವರೇ. ವಿಕ್ಕಾದವರಿಗೆ ಅದರ ನಾಲ್ಕು ಮೂಲೆಗಳು ಭೂಮಿ, ನೀರು, ಬೆಂಕಿ, ಗಾಳಿ. ಮೇಲಿನ ಐದನೆಯ ಮೂಲೆ ಚೇತನ ಅಥವಾ ಆತ್ಮ. ಸುತ್ತಲಿನ ವೃತ್ತವು ಇವೆಲ್ಲವನ್ನೂ ಕೂಡಿಸುವ ಅಖಂಡತೆ. ಪಂಚಭೂತಗಳ ಪಾಠವನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸಬಾರದು. ಆಕಾಶದ ಜಾಗದಲ್ಲಿ ಅವರು ಚೇತನವನ್ನು ಇಟ್ಟಿದ್ದಾರೆ, ಅಷ್ಟೆ. ಪೂಜೆಗೆ ಮುನ್ನ ಅವರು ನೆಲದ ಮೇಲೆ ಒಂದು ವೃತ್ತವನ್ನು ಕಲ್ಪಿಸಿ ನಾಲ್ಕು ದಿಕ್ಕುಗಳನ್ನು ಆಹ್ವಾನಿಸುತ್ತಾರೆ. ಸಾಮಾನ್ಯವಾಗಿ ಪೂರ್ವ ಗಾಳಿಗೆ, ದಕ್ಷಿಣ ಬೆಂಕಿಗೆ, ಪಶ್ಚಿಮ ನೀರಿಗೆ, ಉತ್ತರ ಭೂಮಿಗೆ ಸೇರಿದ್ದು. ನಮ್ಮಲ್ಲಿಯೂ ಪಶ್ಚಿಮ ವರುಣನದೇ. ಬೆಂಕಿ ಮಾತ್ರ ನಮಗೆ ಆಗ್ನೇಯ, ಗಾಳಿ ವಾಯವ್ಯ. ಹೋಲಿಕೆ ಇದೆಯೆಂದು ಎರಡೂ ಒಂದೇ ಮೂಲದಿಂದ ಬಂದುವೆಂದು ಹೇಳಲು ನಾನು ಸಿದ್ಧನಿಲ್ಲ. ಬೆಂಕಿ, ನೀರು, ದಿಕ್ಕು, ಚಂದ್ರ ಎಲ್ಲರ ಕಣ್ಣಿಗೂ ಬೀಳುವಂಥವು. ಅವುಗಳನ್ನು ಕುರಿತು ಯೋಚಿಸಿದವರು ಅಲ್ಲಲ್ಲಿ ಒಂದೇ ಕಡೆಗೆ ಬಂದು ನಿಲ್ಲುವುದು ಸಹಜ.

ಇದೇ ನಕ್ಷತ್ರವನ್ನು ಪ್ರಾಚೀನ ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳು ತಮ್ಮವರನ್ನು ಗುರುತಿಸಲು ಬಳಸುತ್ತಿದ್ದರು. ಮಧ್ಯಯುಗದ ಕ್ರೈಸ್ತರು ಅದರಲ್ಲಿ ಏಸುವಿನ ಐದು ಗಾಯಗಳನ್ನು ಕಂಡರು. ಮುಸ್ಲಿಂ ದೇಶವಾದ ಮೊರಾಕೊ ಇದನ್ನು ಹಸಿರು ಬಣ್ಣದಲ್ಲಿ ತನ್ನ ಧ್ವಜದ ಮೇಲೆ ಇಟ್ಟುಕೊಂಡಿದೆ. ಹಾಗಾದರೆ ಸೈತಾನನ ಗುರುತೆಂಬ ಮಾತು ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಲೇಖಕ ಎಲಿಫಾಸ್ ಲೆವಿ, ಒಂದು ಮೂಲೆ ಮೇಲಿದ್ದರೆ ಶುಭ, ತಲೆಕೆಳಗಾದರೆ ಅಶುಭ ಎಂದು ಬರೆದ. ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಸೈತಾನ ಪಂಥವು ತಲೆಕೆಳಗಾದ ನಕ್ಷತ್ರದೊಳಗೆ ಹೋತದ ಮುಖವನ್ನು ಇಟ್ಟು ತನ್ನ ಲಾಂಛನ ಮಾಡಿಕೊಂಡಿತು. ಸಿನಿಮಾದವರು ಉಳಿದದ್ದನ್ನು ಮಾಡಿದರು. ವಿಕ್ಕಾದವರಿಗೂ ಆ ಪಂಥಕ್ಕೂ ಸಂಬಂಧವಿಲ್ಲ. ಅವರು ಸೈತಾನನೆಂಬವನನ್ನು ನಂಬುವುದೇ ಇಲ್ಲ. ಯಾರಿಗೂ ಕೇಡು ಬಗೆಯಬಾರದೆಂಬುದು ಅವರ ನೀತಿಯ ಸಾರ.

ಉಳಿದ ಗುರುತುಗಳೂ ಹೀಗೆಯೇ. ಬಟ್ಟಲು ಮತ್ತು ಕೊಪ್ಪರಿಗೆ ತಾಯಿಯ ಗರ್ಭದ ಸಂಕೇತ. ಕಳಶ ಕೂರಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಪ್ಪು ಹಿಡಿಯ ಕತ್ತಿಯೊಂದನ್ನು ಅವರು ಪೂಜೆಯಲ್ಲಿ ಬಳಸುತ್ತಾರೆ, ಆದರೆ ಅದು ವೃತ್ತವನ್ನು ಕಲ್ಪಿಸಲು, ಬಲಿಗಾಗಿ ಅಲ್ಲ. ಪೊರಕೆಯಿಂದ ಪೂಜಾಸ್ಥಳದ ಕೇಡನ್ನು ಗುಡಿಸಿ ಹಾಕುತ್ತಾರೆ. ಪೊರಕೆಯನ್ನು ತುಳಿದರೆ ಲಕ್ಷ್ಮಿಗೆ ಅಪಚಾರವೆಂದು ನನ್ನ ತಾಯಿ ಗದರಿಸುತ್ತಿದ್ದುದು ನೆನಪಾಗುತ್ತದೆ. ಕೊಂಬುಳ್ಳ ದೇವರು ಕಾಡಿನ, ಪ್ರಾಣಿಗಳ ಒಡೆಯ. ಅಕ್ಟೋಬರ್ 31ರ ರಾತ್ರಿ ಬರುವ ‘ಸಾವಿನ್’ ಹಬ್ಬದಲ್ಲಿ ಕೆಲವರು ಸತ್ತವರಿಗಾಗಿ ಒಂದು ಎಲೆ ಹೆಚ್ಚಾಗಿ ಹಾಕುತ್ತಾರೆ. ನಾವು ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವುದಿಲ್ಲವೇ?

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮೂರು ಚಂದ್ರರ ಗುರುತು. ನಡುವೆ ಹುಣ್ಣಿಮೆಯ ಪೂರ್ಣಚಂದ್ರ, ಎರಡೂ ಕಡೆ ಬೆಳೆಯುವ ಮತ್ತು ಕ್ಷೀಣಿಸುವ ಬಾಲಚಂದ್ರರು. ಬೆಳೆಯುವ ಚಂದ್ರ ಕನ್ಯೆ, ಪೂರ್ಣಚಂದ್ರ ತಾಯಿ, ಕ್ಷೀಣಿಸುವ ಚಂದ್ರ ಮುದುಕಿ. ಈ ಕಲ್ಪನೆ ಜನಪ್ರಿಯವಾದದ್ದು ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಪ್ರಕಟಿಸಿದ ‘ದಿ ವೈಟ್ ಗಾಡೆಸ್’ ಗ್ರಂಥದಿಂದ. ದೇವಿಯ ಮೂರು ರೂಪಗಳಲ್ಲಿ ಮುದುಕಿಯೂ ಒಬ್ಬಳು, ವಿವೇಕದ ಒಡತಿ ಆಕೆ ಎಂಬ ಮಾತನ್ನು ಓದಿದಾಗ ನನಗೆ ಒಂದು ಊರಿನ ಅಜ್ಜಿ ಕಣ್ಣ ಮುಂದೆ ಬಂದರು. ಊರಿನ ಹೆಸರು ಬೇಡ.

ಆ ಊರಿನ ಪ್ರೌಢಶಾಲೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲ. ಒಂದು ಮಂಗಳವಾರದ ಬೆಳಿಗ್ಗೆ ಶಾಲೆಯ ಹತ್ತಿರ ಮೂರು ದಾರಿ ಕೂಡುವಲ್ಲಿ ಮಕ್ಕಳೆಲ್ಲ ಗುಂಪಾಗಿ ನಿಂತಿದ್ದರು. ದಾರಿಯಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಎರಡು ಹೋಳು, ಒಂದಿಷ್ಟು ಕೆಂಪನ್ನ, ಒಣಮೆಣಸಿನಕಾಯಿ. ಯಾರೂ ದಾಟಲೊಲ್ಲರು. ಮಧ್ಯಾಹ್ನದ ಹೊತ್ತಿಗೆ ಮಾತು ಊರೆಲ್ಲ ಹರಡಿ, ಊರಾಚೆ ಒಬ್ಬರೇ ಇರುತ್ತಿದ್ದ, ಹೂ ಕಟ್ಟಿ ಮಾರುತ್ತಿದ್ದ ವಿಧವೆ ಅಜ್ಜಿಯ ಮೇಲೆ ಬಂದು ನಿಂತಿತು. ಕಾರಣ ಕೇಳಿದರೆ ಯಾರಲ್ಲಿಯೂ ಉತ್ತರವಿರಲಿಲ್ಲ. ಮುದುಕಿ, ಒಂಟಿ, ಅಮಾವಾಸ್ಯೆಯಂದು ಮಾತಿಲ್ಲದೆ ಗುಡಿಗೆ ಹೋಗುತ್ತಾಳೆ ಎಂಬುದಷ್ಟೇ ಕಾರಣ.

ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಮನೆಮನೆಗೆ ಹೋಗಿ ವಿಚಾರಿಸಿದೆವು. ಮೂರನೆಯ ದಿನ ನಮ್ಮದೇ ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ ಬಾಗಿಲ ಹಿಂದೆ ನಿಂತು ಹೇಳಿದರು: “ಮಗನಿಗೆ ಜ್ವರ ಇಳಿಯಲಿಲ್ಲ ಸಾರ್. ದೃಷ್ಟಿ ನಿವಾಳಿಸಿ ಹಾಕಿದ್ದು ನಾನೇ. ನಮ್ಮತ್ತೆ ಹೇಳಿಕೊಟ್ಟ ಹಾಗೆ ಮಾಡಿದೆ.” ಮಗನ ಮೇಲಿನ ಅಕ್ಕರೆಯಿಂದ ಮಾಡಿದ ಕೆಲಸ ಅದು. ಅದೇ ನಿಂಬೆಹಣ್ಣು ದಾರಿಗೆ ಬಿದ್ದೊಡನೆ ಉಳಿದವರಿಗೆ ಮಾಟವಾಗಿ ಕಂಡಿತ್ತು. ಆ ತಾಯಿ ಧೈರ್ಯ ಮಾಡಿ ನಾಲ್ಕು ಜನರೆದುರು ನಿಜ ಹೇಳಿದರು. ಜನ ‘ಹೌದೇನು’ ಎಂದು ಸುಮ್ಮನಾದರು. ಆದರೆ ಅಜ್ಜಿಯ ಹೂವಿನ ವ್ಯಾಪಾರ ಮಾತ್ರ ಹಿಂದಿನಂತಾಗಲಿಲ್ಲ. ನಾನು ಆ ಊರಿನಿಂದ ವರ್ಗವಾಗಿ ಬರುವವರೆಗೂ ಮದುವೆ ಮನೆಗಳವರು ಪಕ್ಕದ ಊರಿನಿಂದ ಹೂ ತರಿಸುತ್ತಿದ್ದರು. ಅಜ್ಜಿ ಒಮ್ಮೆ ನನ್ನೊಡನೆ, “ಒಬ್ಬರಾದರೂ ಬಂದು ನನ್ನನ್ನ ಕೇಳಬಹುದಿತ್ತಲ್ಲ ಮೇಷ್ಟ್ರೇ” ಎಂದರು. ಬೇರೇನನ್ನೂ ಹೇಳಲಿಲ್ಲ.

ಯೂರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದ ನಡುವೆ ಮಾಟಗಾತಿಯರೆಂಬ ಆರೋಪದ ಮೇಲೆ ಸುಮಾರು 40ರಿಂದ 60 ಸಾವಿರ ಜನರನ್ನು ಕೊಂದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಕರ್ನಾಟಕವು ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಶಾಸನ ಮಾಡಿತು. ಅದು 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾನೂನು ಬೇಕು, ಅದು ಹಿಂಸೆಯನ್ನು ತಡೆಯುತ್ತದೆ. ಆದರೆ ಅಜ್ಜಿಯಿಂದ ಹೂ ಕೊಳ್ಳುವಂತೆ ಯಾವ ಕಾನೂನೂ ಮಾಡಲಾರದು.

ನಮ್ಮದೇ ಗುರುತೊಂದು ಇಂಥ ಆಪಾದನೆಯನ್ನು ಹೊತ್ತಿದೆ ಎಂಬುದನ್ನೂ ಮರೆಯಬಾರದು. ಮನೆಯ ಹೊಸ್ತಿಲ ಮೇಲೆ, ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ನಾವು ಬರೆಯುವ ಸ್ವಸ್ತಿಕ ‘ಒಳ್ಳೆಯದಾಗಲಿ’ ಎಂಬ ಹಾರೈಕೆ. ನಾಜಿ ಪಕ್ಷ 1920ರಲ್ಲಿ ಅದೇ ಆಕಾರವನ್ನು ಓರೆಯಾಗಿಸಿ ತನ್ನ ಧ್ವಜಕ್ಕೆ ಏರಿಸಿತು. ಮುಂದೆ ನಡೆದ ಘೋರವನ್ನು ಹತ್ತನೆಯ ತರಗತಿಯಲ್ಲಿ ನೀವೆಲ್ಲ ಓದಿದ್ದೀರಿ. ಜರ್ಮನಿಯಲ್ಲಿರುವ ನನ್ನ ಬಂಧುಗಳ ಮಗ ಗೃಹಪ್ರವೇಶದ ದಿನ ಬಾಗಿಲಿಗೆ ಸ್ವಸ್ತಿಕ ಬರೆಯಲು ಹಿಂಜರಿದು, ದೇವರ ಕೋಣೆಯೊಳಗೆ ಬರೆದನಂತೆ. ‘ನಮ್ಮ ಸ್ವಸ್ತಿಕದ ಅರ್ಥ ಬೇರೆ, ನಮ್ಮನ್ನು ಕೇಳಿ ತಿಳಿದುಕೊಳ್ಳಿ’ ಎಂದು ನಾವು ಜಗತ್ತಿಗೆ ಹೇಳುತ್ತೇವೆ. ಆ ಮಾತು ನ್ಯಾಯವಾದದ್ದು. ಅದೇ ನ್ಯಾಯವನ್ನು ನೆರೆಮನೆಯವಳ ನಕ್ಷತ್ರಕ್ಕೂ ಕೊಡಬೇಕಾಗುತ್ತದೆ. ವಿದ್ಯಾರ್ಥಿನಿಗೆ ನಾನು ಬರೆದದ್ದು ಇಷ್ಟೆ: “ಮಗು, ನೀನೇ ಒಂದು ದಿನ ಆಕೆಯ ಮನೆಗೆ ಹೋಗು. ಬರಿಗೈಯಲ್ಲಿ ಹೋಗಬೇಡ, ಒಂದಿಷ್ಟು ಕೋಡುಬಳೆ ಕಟ್ಟಿಕೊಂಡು ಹೋಗು. ಪದಕದ ಅರ್ಥವನ್ನು ಆಕೆಯನ್ನೇ ಕೇಳು. ನಿನ್ನ ತಾಳಿಯ ಅರ್ಥವನ್ನು ಆಕೆಯೂ ಕೇಳಲಿ. ಬೇರೆ ಯಾರ ಮನೆಗೆ ಮಗುವನ್ನು ಕಳಿಸುವಾಗ ಏನನ್ನು ವಿಚಾರಿಸುವೆಯೋ ಅದನ್ನೇ ಇಲ್ಲಿಯೂ ವಿಚಾರಿಸು, ಹೆಚ್ಚಿಗೆ ಬೇಡ.”

ಆಕೆ ಇರುವ ದೇಶದಲ್ಲಿಯೇ ಈ ನಕ್ಷತ್ರಕ್ಕಾಗಿ ಒಬ್ಬ ಹೆಣ್ಣುಮಗಳು ಹೋರಾಡಿದ ಕಥೆಯನ್ನು ಇಲ್ಲಿ ಹೇಳಲೇಬೇಕು. ನೆವಾಡಾ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯ ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೂವರ್ಟ್ 2005ರ ಸೆಪ್ಟೆಂಬರಿನಲ್ಲಿ ಆಫ್ಘಾನಿಸ್ತಾನದಲ್ಲಿ ಹೆಲಿಕಾಪ್ಟರ್ ಉರುಳಿ ಮಡಿದರು. ಅವರು ವಿಕ್ಕಾ ಧರ್ಮದವರು. ಮಡಿದ ಸೈನಿಕರ ಸ್ಮಾರಕಕ್ಕೆ ಅವರವರ ಧರ್ಮದ ಗುರುತನ್ನು ಸರ್ಕಾರವೇ ಕೆತ್ತಿಸಿಕೊಡುವ ಪದ್ಧತಿ ಅಲ್ಲಿದೆ. ಒಪ್ಪಿಗೆ ಪಡೆದ ಗುರುತುಗಳು ಆಗ 38 ಇದ್ದವು. ಶಿಲುಬೆ ಇತ್ತು, ಅರ್ಧಚಂದ್ರ ಇತ್ತು, ನಾಸ್ತಿಕರಿಗೂ ಒಂದು ಗುರುತಿತ್ತು, ವಿಕ್ಕಾದ ನಕ್ಷತ್ರ ಮಾತ್ರ ಇರಲಿಲ್ಲ. ಅವರ ಪತ್ನಿ ರಾಬರ್ಟಾ ಸ್ಟೂವರ್ಟ್ ಅದಿಲ್ಲದ ಫಲಕವನ್ನು ಒಪ್ಪಲಿಲ್ಲ. ಸ್ಮಾರಕದ ಗೋಡೆಯ ಮೇಲೆ ಗಂಡನ ಹೆಸರಿನ ಜಾಗ ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಉಳಿಯಿತು. 2006ರಲ್ಲಿ ನೆವಾಡಾ ರಾಜ್ಯವೇ ನಕ್ಷತ್ರವುಳ್ಳ ಫಲಕವನ್ನು ಕೊಟ್ಟಿತು. ಮೊಕದ್ದಮೆಯ ನಂತರ 2007ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೂ ರಾಜಿಗೆ ಬಂದು ಆ ಗುರುತನ್ನು ಪಟ್ಟಿಗೆ ಸೇರಿಸಿತು. ಅಂಗೈಯಗಲದ ಒಂದು ಚಿತ್ರಕ್ಕಾಗಿ ಇಷ್ಟೆಲ್ಲ ಏಕೆ ಎಂದು ಕೇಳುವವರಿರಬಹುದು. ಚಿತ್ರದುರ್ಗ ಜಿಲ್ಲೆಯವರಾದ ನಾವು ಹಾಗೆ ಕೇಳಬಾರದು.

ಏಕೆಂದರೆ ಮಡಿದವರ ಕಲ್ಲಿನ ಮೇಲೆ ಗುರುತು ಕೆತ್ತುವ ನಾಡು ನಮ್ಮದು. ಊರ ಮುಂದೆ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಹಂತದಲ್ಲಿ ಕಾಳಗ. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಸೂರ್ಯಚಂದ್ರರು ಇರುವವರೆಗೆ ಈತನ ಹೆಸರು ಉಳಿಯಲಿ ಎಂಬುದು ಅದರ ಅರ್ಥ. ಓದು ಬರಹ ಬಾರದ ದನಗಾಹಿಗೂ ಆ ಅರ್ಥ ತಿಳಿಯುತ್ತಿತ್ತು. ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟ ತೋಳೊಂದು ಮೇಲೆದ್ದಿರುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಕೈ ಅನೇಕ ಕಡೆ ಒಂದು ನಿಂಬೆಹಣ್ಣನ್ನು ಹಿಡಿದಿರುತ್ತದೆ. ಮೂರು ದಾರಿ ಕೂಡುವಲ್ಲಿ ಕಂಡರೆ ನಾವು ಬೆಚ್ಚಿ ನಿಲ್ಲುವ ಅದೇ ಹಣ್ಣು ಅಲ್ಲಿ ಪೂಜೆಗೊಳ್ಳುತ್ತದೆ. ಗಂಡನೊಡನೆ ಬೆಂಕಿಗೆ ಬಿದ್ದ ಆ ಹೆಣ್ಣುಮಗಳ ಸಂಕಟವನ್ನು ನಾನು ಕೊಂಡಾಡಲಾರೆ. ಆ ಕೈಯನ್ನು ನೋಡಿದಾಗಲೆಲ್ಲ, ಬದುಕಿರುವಾಗ ಆಕೆಯನ್ನು ಯಾರಾದರೂ ಏನಾದರೂ ಕೇಳಿದ್ದರೇ ಎಂಬ ಯೋಚನೆ ಬರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ಮುಂದಿನ ಸಲ ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ. ಹಿಂದಿರುಗುವಾಗ ನಿಮ್ಮ ಊರಿನ ಕಲ್ಲುಗಳನ್ನೂ ತೋರಿಸಿ. ಕೆಲವನ್ನು ಬಟ್ಟೆ ಒಗೆಯಲು ಹಾಕಿಕೊಂಡಿದ್ದಾರೆ, ಕೆಲವಕ್ಕೆ ಸುಣ್ಣ ಬಳಿದಿದ್ದಾರೆ. ಇದರ ಮೇಲಿನ ಗುರುತು ಏನು, ಯಾವಾಗ ಪೂಜೆ, ಯಾರ ಮನೆಯವರು ಮಾಡುತ್ತಾರೆ ಎಂದು ಊರಿನ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು, ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆ ತಿಳಿದಿರುವುದು ಪುಸ್ತಕಗಳಲ್ಲಿ ಇಲ್ಲ. ಕೇಳಿದವರಿಗೆ ಅವರು ಇಲ್ಲವೆನ್ನುವುದಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿಕೊಂಡು ಹೇಳುತ್ತಾರೆ.

ಎಲ್ಲರಿಗೂ ಶುಭವಾಗಲಿ.